ಸೂಜಿಗೆ ಕೈ, ಕತ್ತಿಗೆ ಕೆನ್ನೆ

ಮಾನ್ಯ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ಸೂಜಿ ಡಾಕ್ಟರೇ, ಅವರನ್ನು ಎಳ್ಳಷ್ಟೂ ನಂಬದಿದ್ದರೂ ಮುಂದಿನ ಸಾಲಿನಲ್ಲೇ ಕುಳಿತಿರುವ ನರತಜ್ಞರೇ, ಹಾಗೂ ಒಮ್ಮೆಯಾದರೂ ನನ್ನ ಮುಂದೆ ತಲೆ ಬಗ್ಗಿಸಿರುವ ಸಭಿಕರೇ,

ಅಕ್ಯುಪಂಕ್ಚರ್ ಚಿಕಿತ್ಸಾಲಯದ ವಾರ್ಷಿಕೋತ್ಸವದಲ್ಲಿ ಗುಣವಾದ ರೋಗಿಯೊಬ್ಬ ಎರಡು ಮಾತಾಡಲಿ ಎಂದು ನನ್ನನ್ನು ಕರೆದಿದ್ದಾರೆ. ಕ್ಷೌರಿಕನಿಗೆ ಎರಡೇ ಮಾತು ಎಂದವರಿಗೆ ನನ್ನ ಅಂಗಡಿಯ ಪರಿಚಯವಿಲ್ಲ.

ನನಗೆ ಆದದ್ದೇನು? ಯುದ್ಧದಲ್ಲಿ ಗಾಯವಾಯಿತೇ? ಇಲ್ಲ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ನನ್ನದೇ ಅಂಗಡಿಯ ಕುರ್ಚಿಯಲ್ಲಿ, ಬಲತೋಳನ್ನು ಅದರ ಬೆನ್ನಿನಾಚೆ ಇಳಿಬಿಟ್ಟು ಗಡದ್ದಾಗಿ ನಿದ್ದೆ ಹೊಡೆದೆ. ಎದ್ದಾಗ ಮಣಿಕಟ್ಟು ಜೋತುಬಿದ್ದಿತ್ತು. ಏಳು ಎಂದರೆ ಬೆರಳು ನನ್ನ ಮಾತು ಕೇಳಲಿಲ್ಲ. ಮನೆಯಲ್ಲೂ ಯಾರೂ ಕೇಳುವುದಿಲ್ಲವಾದ್ದರಿಂದ ಮೊದಲಿಗೆ ಅದೇನೂ ವಿಶೇಷವೆನಿಸಲಿಲ್ಲ.

ನರತಜ್ಞರು ನೋಡಿದರು. "ತೋಳಿನ ನರ ಅದುಮಿಹೋಗಿದೆ. ಕಾಯ್ತಾ ಇರಿ, ತಾನಾಗೇ ಬರುತ್ತೆ," ಎಂದರು. ಕಾಯ್ತಾ ಇರಿ ಎಂದು ನಾನೂ ದಿನವಿಡೀ ಗಿರಾಕಿಗಳಿಗೆ ಹೇಳುತ್ತೇನೆ. ಅದಕ್ಕೆ ಅಷ್ಟೊಂದು ಓದಬೇಕೆಂದು ಗೊತ್ತಿರಲಿಲ್ಲ.

ಸೂಜಿ ಡಾಕ್ಟರು ಮೊಣಕೈಯಿಂದ ಬೆರಳಿನವರೆಗೆ ಸೂಜಿ ನೆಟ್ಟು, ತಂತಿ ಸಿಕ್ಕಿಸಿ, ಸಣ್ಣಗೆ ಕರೆಂಟು ಬಿಟ್ಟರು. "ಹೆದರ್ಬೇಡಿ, ನನ್ನ ಮೇಲೆ ನಂಬಿಕೆ ಇಡಿ," ಎಂದರು. ಇಟ್ಟೆ. ಕೆಲವು ತಿಂಗಳಾದ ಮೇಲೆ ಹೆಬ್ಬೆರಳು ಎದ್ದು ನಿಂತಿತು. ಸೂಜಿಯಿಂದ ಬಂತೋ, ಕಾದದ್ದರಿಂದ ಬಂತೋ? ಇಬ್ಬರೂ ನನ್ನ ಹೆಬ್ಬೆರಳನ್ನು ತಮ್ಮ ಮಗುವೇ ಎನ್ನುತ್ತಿದ್ದಾರೆ. ಆ ಜಗಳ ಅವರಿಗೇ ಇರಲಿ. ನನಗೆ ಬೇಕಿರುವುದು ನನ್ನ ಅಂಗಡಿ.

ನನ್ನ ಕೈ ಮಲಗಿದ್ದಾಗ, "ಬಾಗಿಲು ಯಾಕೆ ಮುಚ್ತೀರಿ, ನಾನಿಲ್ವಾ?" ಎಂದು ಹೆಂಡತಿ ಕತ್ತಿ ಹಿಡಿದಳು. ಇಷ್ಟು ವರ್ಷ ಟವೆಲ್ಲು ಒಣಹಾಕುತ್ತಲೇ ನೋಡಿ ಕಲಿತಿದ್ದಳಂತೆ. ಅವಳ ಕೈ ಹಗುರ, ಮಾತು ಕಡಿಮೆ. ಗಿರಾಕಿಗಳು ಹೆಚ್ಚಾದರು. ಗುಣವಾದ ಮೇಲೆ ಕತ್ತಿ ವಾಪಸು ಕೇಳಿದೆ. "ಕೊಡ್ತೀನಿ. ಮೊದ್ಲು ಆ ಸೂಜಿ ಡಾಕ್ಟ್ರು ನಿಮ್ಮ ಹತ್ರ ಗಡ್ಡ ಮಾಡಿಸ್ಕೊಳ್ಳಲಿ," ಎಂದಳು.

ಮಾರನೆಯ ದಿನ ಡಾಕ್ಟರು ಬಂದರು. "ಕೈ ಪೂರ್ತಿ ಗುಣ ಆಗಿದೆ ಕಣ್ರೀ," ಎಂದು ನನ್ನ ಬೆನ್ನು ತಟ್ಟಿದರು. ತಟ್ಟಿ, ನೇರ ಹೋಗಿ ಅವಳ ಮುಂದೆ ಕುಳಿತರು.

ಇದು ಯಾವ ಸೀಮೆಯ ನ್ಯಾಯ, ಸಭಿಕರೇ? ಅವರ ಅಷ್ಟೂ ಸೂಜಿಗೆ ನಾನು ಕೈ ಚಾಚಿದೆ. ನನ್ನ ಒಂದು ಕತ್ತಿಗೆ ಅವರು ಒಂದು ಕೆನ್ನೆ ಒಡ್ಡಬಾರದೇ? ಈಗ ಟವೆಲ್ಲು ಒಣಹಾಕುವವನು ನಾನು. ನಗಬೇಡಿ. ಕೈ ಬಿದ್ದುಹೋದಾಗಲೂ ನನಗೆ ಇಷ್ಟು ಸಂಕಟವಾಗಿರಲಿಲ್ಲ.

ಅದಕ್ಕೇ ಜೇಬಿನಲ್ಲಿ ಕತ್ತಿ ತಂದಿದ್ದೇನೆ. ಮೈಕಿನ ಪಕ್ಕದ ಕುರ್ಚಿ ಖಾಲಿಯಿದೆ. ಬನ್ನಿ ಡಾಕ್ಟರೇ. ಹೂಗುಚ್ಛದ ಹಿಂದೆ ಮುಖವೇಕೆ ಮರೆಮಾಡುತ್ತೀರಿ? ನರತಜ್ಞರೇ, ನೀವು? ಇನ್ನೂ ಸ್ವಲ್ಪ ಕಾಯುವಿರಾ?

ಹಿಂದಿನ ಸಾಲಿನಲ್ಲಿ ಯಾರೋ ಏಳುತ್ತಿದ್ದಾರೆ. ಓ, ನನ್ನವಳೇ. ಮೆಟ್ಟಿಲು ಹತ್ತಿ ಬಂದಳು. ಕುಳಿತೇಬಿಟ್ಟಳು. ಜಡೆ ಎತ್ತಿ ಹಿಡಿದು ಕತ್ತಿನ ಹಿಂದಿನ ಪುಡಿಗೂದಲು ತೋರಿಸುತ್ತಿದ್ದಾಳೆ. ಭಾಷಣ ಸಾಕು ಎನ್ನುತ್ತಿದ್ದಾಳೆ.

ಕತ್ತಿ ಬಿಚ್ಚಿದ್ದೇನೆ, ಡಾಕ್ಟರೇ. ಏಳಬೇಡಿ, ಇನ್ನು ನೀವು ಕಾಯ್ತಾ ಇರಿ.

ಕರೆದವರಿಗೂ ಕೇಳಿದವರಿಗೂ ಕೃತಜ್ಞತೆಗಳು. ಎರಡೂ ಕೈ ಜೋಡಿಸಲು ಈಗ ನನಗೆ ಪುರುಸೊತ್ತಿಲ್ಲ, ಬಾಯಿಮಾತಿನಲ್ಲೇ ನಮಸ್ಕಾರ.