ದೊಡ್ಡವ್ವ ಗುಡಿಸಿದ ಗೆರೆ

ಎರಡು ತಿಂಗಳು ಕಾಡ್ಗಿಚ್ಚಿನ ಹೊಗೆಯಲ್ಲಿ ಮುಳುಗಿದ್ದ ನಮ್ಮ ಬೆಟ್ಟಕ್ಕೆ ಅಂದು ಸಂಜೆ ಮೊದಲ ಮಳೆ ಬಂತು. ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಣಿವೆಯಿಂದ ಮೇಲೇರಿ ಬಂದ ಮಳೆ. ಮನೆಯ ಬಿದಿರಿನ ನೆಲದ ಸಂದಿಯಿಂದ ಮಣ್ಣಿನ ವಾಸನೆ ಏಳುತ್ತಿತ್ತು. ಬೇಸಿಗೆಯುದ್ದಕ್ಕೂ ಕಾಡು ಕಾಯಲು ಅಲೆದಿದ್ದ ಜೊವಾಲು ಮಾವ ಒಲೆಯ ಪಕ್ಕ ಕಾಲು ಚಾಚಿ, "ಈ ವರ್ಷಕ್ಕೆ ಗೆದ್ವಿ" ಎಂದು ಉಸಿರು ಬಿಟ್ಟ. ಮೊಮ್ಮಕ್ಕಳೆಲ್ಲ ಅಜ್ಜಿಯ ಸುತ್ತ ಒತ್ತಿ ಕೂತೆವು. ಅಜ್ಜಿ ಪೈಪಿಗೆ ಹೊಗೆಸೊಪ್ಪು ತುಂಬಿದಳು. ಅವಳು ಪೈಪು ತುಂಬಿದಳೆಂದರೆ ಕತೆ ಬಂತೆಂದೇ ಲೆಕ್ಕ.

"ಕೇಳ್ರೋ... ಆಗ ನಿಮ್ಮ ಈ ಮಾವ ಎರಡು ತಿಂಗಳ ಕೂಸು. ಇವನ ಹೊಕ್ಕುಳಬಳ್ಳೀನ ನಿಮ್ಮಜ್ಜ ಬಿದಿರ ಕೊಳವೇಲಿ ಹಾಕಿ, ಎಲ್ಲರ ಮಕ್ಕಳಿಗೂ ಮಾಡೋ ಹಾಗೆ, ಊರಾಚೆ ಕಾಡಲ್ಲಿ ಒಂದು ಎಳೇ ಮರಕ್ಕೆ ಕಟ್ಟಿ ಬಂದಿದ್ರು. ಮರ ಚೆನ್ನಾಗಿದ್ರೆ ಮಗು ಚೆನ್ನಾಗಿರತ್ತೆ... ಮರಕ್ಕೇನಾದ್ರೂ ಆದ್ರೆ? ಆ ಮಾತನ್ನ ನಾವು ಬಾಯಲ್ಲಿ ಆಡೋದಿಲ್ಲ.

ನನಗೋ ಅಣಬೆ ಹುಚ್ಚು. ಬೇಸಿಗೇಲಿ ತರಗೆಲೆ ಸುಟ್ರೆ ಮೊದಲ ಮಳೆಗೆ ಉಂಡೆ ಅಣಬೆ ಚೆನ್ನಾಗಿ ಏಳತ್ತೆ ಅಂತ ಎಲ್ಲರೂ ಅಂತಿದ್ರು. ಆದ್ರೆ ಬೆಂಕಿ ಇಡೋ ಮೊದಲು ಸುತ್ತ ಅಗಲವಾಗಿ ಗೆರೆ ಗುಡಿಸಬೇಕು, ಕಿಚ್ಚು ಆಚೆ ದಾಟದ ಹಾಗೆ, ಬರೀ ಮಣ್ಣು ಕಾಣೋ ತನಕ. ನನ್ನ ಸಾಕಿದ ದೊಡ್ಡವ್ವ ಇದ್ಲಲ್ಲ, ನಮ್ಮವ್ವನ ಅಕ್ಕ, ಬದುಕಿರೋ ತನಕ ಪ್ರತಿ ಬೇಸಿಗೇಲೂ ಅವಳಿಗೆ ಅದೇ ಕೆಲಸ... ಎಡಗೈ ಹೆಂಗಸು, ಉದ್ದನೆ ಪೊರಕೆ, ಅವಳ ಪೊರಕೆ ಗೀರೆಲ್ಲ ನಮ್ಮದಕ್ಕೆ ತಿರುಗುಮುರುಗು. ನಾನು ಗುಡಿಸಿದ್ದನ್ನ ಒಂದು ದಿನಾನೂ ಒಪ್ಪಲಿಲ್ಲ. ಅವಳು ಸತ್ತಾಗ ಆ ಪೊರಕೇನ ನಾನೇ ಅವಳ ಜೊತೆ ಮಣ್ಣಿಗಿಟ್ಟೆ. ಪ್ರೀತಿಗೆ ಅನ್ಕೊಂಡ್ರಾ? ಪೀಡೆ ತೊಲಗಲಿ ಅಂತ."

ಮಾವ ನಕ್ಕ. "ಇದನ್ನ ಇಷ್ಟು ವರ್ಷ ಬಚ್ಚಿಟ್ಟಿದ್ದೆಯಲ್ಲವ್ವಾ."

"ಸುಮ್ನಿರೋ... ಒಂದು ಚಾಪೆಯಷ್ಟು ಜಾಗಕ್ಕೆ ಗೆರೆ ಯಾಕೆ ಅಂತ, ಉರಿಬಿಸಿಲಲ್ಲಿ ಕಡ್ಡಿ ಗೀರಿದೆ. ಗಾಳಿ ತಿರುಗ್ತು. ಬೆಂಕಿ ಎದ್ದು ನಿಂತು, ಒಂದು ಸಲ ಸುತ್ತ ನೋಡ್ತು, ಹೊಕ್ಕುಳ ಮರಗಳ ಕಡೆ ಹೊರಟೇಬಿಡ್ತು. ಕೂಸನ್ನ ಬೆನ್ನಿಗೆ ಕಟ್ಕೊಂಡು ಅಡ್ಡದಾರೀಲಿ ಓಡಿದೆ... ಬೆಂಕಿ ಮರದ ಹತ್ರ ಹೋದಷ್ಟೂ ಕೂಸಿನ ಮೈ ನನ್ನ ಬೆನ್ನ ಮೇಲೆ ಸುಡ್ತಾ ಇದೆ, ಸುಡ್ತಾನೇ ಇದೆ, ಅಳೋದನ್ನೂ ನಿಲ್ಲಿಸಿಬಿಟ್ಟಿದೆ... ಆಗ ಕೇಳಿಸ್ತು. ಸರ್... ಸರ್... ಹೊಗೇಲಿ ಬಗ್ಗಿ ಒಬ್ಬ ಮುದುಕಿ ಗುಡಿಸ್ತಿದ್ಲು. ಎಡಗೈಲಿ.

ಅವಳು ತಿರುಗಿ ನೋಡಲಿಲ್ಲ. 'ಸೋಮಾರಿ, ನಿಂತ್ಕೊಂಡು ಏನು ನೋಡ್ತೀಯೇ? ಸೊಪ್ಪು ಮುರ್ಕೋ, ಆ ತುದಿಯಿಂದ ಬಾ' ಅಂದ್ಲು. ಹೆದರೋಕೆ ಪುರುಸೊತ್ತೆಲ್ಲಿ? ಆ ತುದಿಯಿಂದ ನಾನು, ಈ ತುದಿಯಿಂದ ಅವಳು... ಗೆರೆ ಕೂಡೋದಕ್ಕೂ ಬೆಂಕಿ ಬರೋದಕ್ಕೂ ಸರಿಹೋಯ್ತು. ಅಂಚಲ್ಲಿ ನಿಂತು, ತಿನ್ನೋಕೆ ಏನೂ ಸಿಗದೆ, ಮೆಲ್ಲಗೆ ಕೂತ್ಕೊಂಡ್ತು. ಕೂಸಿನ ಮೈ ತಣ್ಣಗಾಗಿ, ಅದು ಹಾಲಿಗೆ ಅಳೋಕೆ ಶುರುಮಾಡ್ತು. ಅಷ್ಟು ಚೆಂದದ ಅಳು ನಾನು ಇನ್ನೆಲ್ಲೂ ಕೇಳಿಲ್ಲ. ತಲೆ ಎತ್ತಿದ್ರೆ ದೊಡ್ಡವ್ವ ಇಲ್ಲ. ಗುಡಿಸಿದ ಮಣ್ಣಲ್ಲಿ ನನ್ನ ಹೆಜ್ಜೆ ಮಾತ್ರ... ಆ ವರ್ಷ ಅಣಬೆ ಎದ್ದಿದ್ದೆಲ್ಲಿ ಗೊತ್ತಾ? ಸುಡದೆ ಉಳಿದ ಕಡೆ."

ನಾವೆಲ್ಲ ನಕ್ಕೆವು. ಮಾವ ಮಾತ್ರ ನಗಲಿಲ್ಲ.

"ಅವ್ವಾ, ಈ ಸಲ ಹೊಕ್ಕುಳ ಮರಗಳ ಸುತ್ತ ಗೆರೆ ಮಾಡೋಕೆ ಹೋದ್ರೆ, ಆಗಲೇ ಯಾರೋ ಗುಡಿಸಿದ್ರು. ಕೆಳಗಿನ ಊರಿನವರು ಅನ್ಕೊಂಡ್ವಿ."

"ಗೀರು ಯಾವ ಕಡೆಗಿತ್ತು?"

ಮಾವ ಬಲಗೈಯನ್ನು ಗಾಳಿಯಲ್ಲಿ ಬೀಸಿ ನೋಡಿದ. ಆಮೇಲೆ ಎಡಗೈಯನ್ನು ಬೀಸಿದ. ಅದನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ.

ಅಜ್ಜಿ ಪೈಪನ್ನು ಕುಟ್ಟಿ, ಉದುರಿದ ಕೆಂಡವನ್ನು ನೀರು ಹಾಕಿ ಆರಿಸಿದಳು.

"ನನ್ನ ಮಣ್ಣು ಮಾಡೋವಾಗ ಒಂದು ಪೊರಕೆ ಇಡೋದು ಮರೀಬೇಡಿ. ಒಬ್ಬಳಿಗೇ ಆಗ್ತಿಲ್ಲವಂತೆ... ಮೊನ್ನೆ ಬಂದು ಹೇಳಿ ಹೋದ್ಲು."