ಮುಚ್ಚಳ ಯಾವ ಕಡೆ?

ಪೆಟ್ರೋಲ್ ಬಂಕಿನ ಸಾಲಿನಲ್ಲಿ ಸ್ಕೂಟರ್ ಮೇಲೆ ಕೂತಿದ್ದ ದರ್ಜಿಗೆ ಅಂಗಡಿ ತೆರೆಯುವ ಅವಸರ. ಮುಂದೆ ಒಂದು ಡೀಸೆಲ್ ಕಾರು, ಒಳಗೆ ಐವತ್ತು ದಾಟಿದ ಗಂಡ ಹೆಂಡತಿ. ಕಿಟಕಿಗಳು ತೆರೆದಿದ್ದವು; ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಸಾರ್, ನಿಮ್ಮ ಟ್ಯಾಂಕಿನ ಮುಚ್ಚಳ ಆ ಕಡೆ ಇದೆ. ಪೈಪು ಅಲ್ಲೀವರೆಗೂ ಬರಲ್ಲ,” ಎಂದ ಬಂಕಿನವನು.

ಗಂಡ ಕಾರನ್ನು ಪಕ್ಕದ ಪಂಪಿಗೆ ತಂದ.

“ಅಯ್ಯೋ, ಅದು ಲಾರಿ ಪೈಪು ಸಾರ್, ದಪ್ಪ. ಕಾರಿನ ಟ್ಯಾಂಕಿಗೆ ಹೋಗಲ್ಲ. ಇಲ್ಲಿಗೇ ಬನ್ನಿ, ತಿರುಗಿಸಿಕೊಂಡು.”

ಕಾರು ಇಡೀ ಬಂಕನ್ನು ಸುತ್ತಿ ಬಂತು. ಮುಚ್ಚಳ ಮತ್ತೆ ಆಚೆ ಕಡೆಗೇ ನಿಂತಿತು.

“ಎಡಗಡೆ, ಎಡಗಡೆ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಒಂಬತ್ತು ವರ್ಷ ಆಯ್ತು ಈ ಕಾರು ತಗೊಂಡು!” ಎಂದಳು ಹೆಂಡತಿ.

“ಪಕ್ಕದಲ್ಲಿ ನೀನಿರುವಾಗ ನಾನ್ಯಾಕೆ ನೆನಪಿಟ್ಕೋಬೇಕು?”

“ಹಿಂಗೇ ಸುತ್ತುತಾ ಇರಿ. ಬೆಳಿಗ್ಗೆ ಹುಟ್ಟಿದ ಮೊಮ್ಮಗಳು ನಾವು ಹೋಗೋಷ್ಟರಲ್ಲಿ ಎದ್ದು ಓಡಾಡ್ತಿರ್ತಾಳೆ.”

ದರ್ಜಿಯ ಅವಸರ ಅಲ್ಲೇ ಕರಗಿತು. ಸ್ಕೂಟರನ್ನು ಹಿಂದಕ್ಕೆ ತಳ್ಳಿ ಜಾಗ ಬಿಟ್ಟ. “ಬನ್ನಿ ಸಾರ್, ಬನ್ನಿ, ಇನ್ನೂ ಸ್ವಲ್ಪ,” ಎಂದು ಕೈಬೀಸಿ, ಕಾರು ತಿರುಗಿಸಲು ತಾನೇ ದಾರಿ ತೋರಿಸಿದ. ಅಂತೂ ಡೀಸೆಲ್ ಒಳಗಿಳಿಯಿತು.

ಅಷ್ಟರಲ್ಲಿ ಹೆಂಡತಿಗೆ ಫೋನು ಬಂತು. ಅವಳು ಮಾತು ಮುಗಿಸುವುದನ್ನೇ ಗಂಡ ಕಾಯುತ್ತಿದ್ದ.

“ಅಳಿಯನಾ? ಮಗು ಯಾರ ಹಾಗಿದ್ಯಂತೆ?”

“ಥೇಟ್ ನಿಮ್ಮ ಹಾಗೇ ಅಂತೆ. ಎಡಗಡೆಯಿಂದ ಕರೆದ್ರೆ ಬಲಗಡೆ ತಿರುಗ್ತಾಳಂತೆ.”

ಎಂಜಿನ್‌ಗಿಂತ ಮೊದಲು ಗಂಡನ ನಗು ಶುರುವಾಯಿತು. ಕಾರು ಹೊರಟಿತು. ರಸ್ತೆಯ ಅಂಚಿನಲ್ಲಿ ಎಡಕ್ಕೆ ದೀಪ ಮಿಣುಕಿಸಿ, ನಿಶ್ಚಿಂತೆಯಿಂದ ಬಲಕ್ಕೆ ಹೊರಳಿತು.