ತುಳಿಯಬೇಡಿ ಎಂಬ ಬೋರ್ಡು

ಬಸ್ಸಿಗೆ ಕಾಯುತ್ತಿದ್ದ ಟೈಲರಮ್ಮನ ಮುಂದೆ, ಮರುಭೂಮಿ ಸಂರಕ್ಷಣೆ ಆಫೀಸಿಗೆ ಬೋರ್ಡು ಬರೆಯುವವನು ತನ್ನ ಅತ್ತಿಗೆಯ ಜೊತೆ ಮಾತಿಗೆ ಬಿದ್ದಿದ್ದ. ಟೈಲರಮ್ಮನ ಕಿವಿ ಸುಮ್ಮನಿದ್ದೀತೇ?

“ಮರಳಿನ ಮೇಲೆ ಕಪ್ಪು ಹಕ್ಕಳೆ ಕಟ್ಟಿರುತ್ತಲ್ಲ ಅತ್ತಿಗೆ, ಅದಕ್ಕೆ ಜೀವ ಇದೆಯಂತೆ. ಧೂಳು ಏಳದ ಹಾಗೆ ನೆಲ ಹಿಡಿದಿರೋದೇ ಅದು. ತುಳಿದ್ರೆ ಮತ್ತೆ ಬೆಳೆಯೋಕೆ ಒಂದು ತಲೆಮಾರು ಬೇಕು.”

“ಅದಕ್ಕೇ ‘ತುಳಿಯಬೇಡಿ’ ಅಂತ ಬರೆದೆಯೇನೋ?”

“ಅಷ್ಟೇ ಆಗಿದ್ರೆ ದೂರದಿಂದ್ಲೇ ಓದ್ತಿದ್ರು. ಸಾಹೇಬ್ರು ಇಡೀ ಪುರಾಣ ಬರೆಸಿದ್ರು. ಇರುವೆಯಂಥ ಅಕ್ಷರ.”

“ಎಲ್ಲಿ ನೆಟ್ರಿ?”

“ಆ ಹಕ್ಕಳೆಯ ನಟ್ಟನಡುವೆ.”

“ಅಯ್ಯೋ! ಜನ?”

“ಪಾಪ, ಒಳ್ಳೆಯವರು. ಒಬ್ಬೊಬ್ಬರೂ ಹತ್ತಿರ ಹೋಗಿ ಪೂರ್ತಿ ಓದಿದ್ರು.”

“ಈಗೇನು ಉಳಿದಿದೆ ಅಲ್ಲಿ?”

“ಬೋರ್ಡು. ಅದೂ ಧೂಳು ಮುಚ್ಚಿ ಕಾಣಲ್ಲ.”

ಬಸ್ಸು ಬಂತು. ಹೆಗಲ ಮೇಲಿನ ಬೋರ್ಡು ಒರೆಸೋ ಬಟ್ಟೆ ಕೊಡವಿಕೊಂಡು ಅವನು ಕೆಲಸಕ್ಕೆ ಹೊರಟ.